ಮೂರು ಗಿಟಾರುಗಳಿಂದ ಒಂದು ಗಿಟಾರು: ಎರಿಕ್ ಕ್ಲಾಪ್ಟನ್ ಮತ್ತು 'ಬ್ಲ್ಯಾಕಿ'

2004ರ ಜೂನ್ 24ರಂದು ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜು ಸಂಸ್ಥೆಯಲ್ಲಿ ಹಳೆಯದೊಂದು ಕಪ್ಪು ಗಿಟಾರು 9,59,500 ಡಾಲರುಗಳಿಗೆ ಮಾರಾಟವಾಯಿತು. ಅದರ ಬಣ್ಣ ಅಲ್ಲಲ್ಲಿ ಎದ್ದುಹೋಗಿತ್ತು. ತಲೆಯ ಭಾಗದಲ್ಲಿ ಸಿಗರೇಟಿನಿಂದ ಸುಟ್ಟ ಕಲೆಯಿತ್ತು. ಕತ್ತಿನ ಮರ ನುಡಿಸಿ ನುಡಿಸಿ ಸವೆದು, ಇನ್ನು ದುರಸ್ತಿಯೂ ಸಾಧ್ಯವಿಲ್ಲವೆಂಬ ಹಂತ ತಲುಪಿತ್ತು. ಅಂಥ ವಾದ್ಯವು ಅಂದಿನವರೆಗೆ ಹರಾಜಿನಲ್ಲಿ ಯಾವ ಗಿಟಾರಿಗೂ ಬಾರದ ಬೆಲೆಯನ್ನು ಪಡೆಯಿತು. ಹಿಂದಿನ ದಾಖಲೆ ಜೆರ್ರಿ ಗಾರ್ಸಿಯಾ ಅವರ 'ಟೈಗರ್' ಎಂಬ ಗಿಟಾರಿನದು. 2002ರಲ್ಲಿ ಅದಕ್ಕೆ ಬಂದದ್ದು 9,57,500 ಡಾಲರು. ಅಂತರ ಎರಡೇ ಸಾವಿರ.

ಆ ಕಪ್ಪು ಗಿಟಾರಿನ ಹೆಸರು 'ಬ್ಲ್ಯಾಕಿ'. ಒಡೆಯರು ಬ್ರಿಟನ್ನಿನ ಸುಪ್ರಸಿದ್ಧ ರಾಕ್ ಮತ್ತು ಬ್ಲೂಸ್ ವಾದಕ ಎರಿಕ್ ಕ್ಲಾಪ್ಟನ್. ಹಣ ಸೇರಿದ್ದು ಅವರ ಜೇಬಿಗಲ್ಲ; ಕೆರಿಬಿಯನ್ ದ್ವೀಪವಾದ ಆಂಟಿಗುವಾದಲ್ಲಿ ಅವರು 1998ರಲ್ಲಿ ಸ್ಥಾಪಿಸಿದ ಕ್ರಾಸ್‌ರೋಡ್ಸ್ ಎಂಬ ವ್ಯಸನಮುಕ್ತಿ ಕೇಂದ್ರಕ್ಕೆ. ಕ್ಲಾಪ್ಟನ್ ಅವರ ಗಿಟಾರುಗಳ ಕಥೆಯನ್ನು ಈ ಕೇಂದ್ರದ ಕಥೆಯಿಂದ ಬೇರ್ಪಡಿಸಲಾಗದು.

1945ರ ಮಾರ್ಚ್ 30ರಂದು ಇಂಗ್ಲೆಂಡಿನ ಸರ್ರೆ ಸೀಮೆಯ ರಿಪ್ಲೆ ಗ್ರಾಮದಲ್ಲಿ ಜನಿಸಿದ ಕ್ಲಾಪ್ಟನ್ ಬೆಳೆದದ್ದು ಅಜ್ಜ ಅಜ್ಜಿಯರ ಆಶ್ರಯದಲ್ಲಿ. ಬಾಲ್ಯದಲ್ಲಿ ಅವರನ್ನೇ ತಂದೆ ತಾಯಿಯೆಂದು ಭಾವಿಸಿದ್ದರು. ಹದಿಮೂರನೆಯ ಹುಟ್ಟುಹಬ್ಬಕ್ಕೆ ದೊರೆತ ಜರ್ಮನಿಯ ಹೋಯರ್ ಗಿಟಾರಿನ ಉಕ್ಕಿನ ತಂತಿಗಳನ್ನು ಒತ್ತುವುದೇ ಹುಡುಗನಿಗೆ ಕಷ್ಟವಾಗಿ, ಕೆಲಕಾಲ ಅದನ್ನು ಮೂಲೆಗಿಟ್ಟದ್ದೂ ಉಂಟು. ಮುಂದೆ ಅಜ್ಜ ಅಜ್ಜಿ ಕಂತಿನ ಮೇಲೆ ಕೇ ಕಂಪನಿಯ ವಿದ್ಯುತ್ ಗಿಟಾರನ್ನು ತೆಗೆಸಿಕೊಟ್ಟರು. 'ಯಾರ್ಡ್‌ಬರ್ಡ್ಸ್' ತಂಡದಲ್ಲಿದ್ದಾಗ, 1964ರಲ್ಲಿ, ಚೆರಿ ಹಣ್ಣಿನ ಬಣ್ಣದ ಗಿಬ್ಸನ್ ಇಎಸ್-335 ಕೈಸೇರಿತು. ಈ ಗಿಟಾರು ನಾಲ್ಕು ದಶಕಗಳ ಕಾಲ ಅವರ ಬಳಿಯೇ ಉಳಿಯಿತು. ಅಷ್ಟು ದೀರ್ಘಕಾಲ ಜತೆಗಿದ್ದ ವಾದ್ಯ ಅವರ ಸಂಗ್ರಹದಲ್ಲಿ ವಿರಳ.

1965ರ ಮಾರ್ಚಿನಲ್ಲಿ, ತಂಡವು ಜನಪ್ರಿಯ ಹಾಡುಗಳತ್ತ ವಾಲಿತೆಂದು ಅಸಮಾಧಾನಗೊಂಡು ಕ್ಲಾಪ್ಟನ್ ಹೊರಬಂದರು. ಜಾನ್ ಮೇಯಲ್ ಅವರ 'ಬ್ಲೂಸ್‌ಬ್ರೇಕರ್ಸ್' ಸೇರಿದ ಮೇಲೆ ಕೊಂಡದ್ದು ಗಿಬ್ಸನ್ ಲೆಸ್ ಪಾಲ್. ಅಮೆರಿಕದ ಬ್ಲೂಸ್ ವಾದಕ ಫ್ರೆಡ್ಡಿ ಕಿಂಗ್ ಅವರ ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ಅಂಥದೊಂದು ಗಿಟಾರನ್ನು ಕಂಡದ್ದೇ ಇದಕ್ಕೆ ಪ್ರೇರಣೆ. ಆಗ ಈ ಮಾದರಿಗೆ ಬೇಡಿಕೆಯೇ ಇರಲಿಲ್ಲ. ಮಾರಾಟ ಕುಸಿದುದರಿಂದ ಗಿಬ್ಸನ್ ಕಂಪನಿಯು ಹಳೆಯ ವಿನ್ಯಾಸದ ತಯಾರಿಕೆಯನ್ನು 1960ರಲ್ಲಿಯೇ ಕೈಬಿಟ್ಟಿತ್ತು.

ಈ ಗಿಟಾರನ್ನು ಮಾರ್ಷಲ್ ಕಂಪನಿಯ ಆಂಪ್ಲಿಫೈಯರಿಗೆ ಜೋಡಿಸಿ, ಧ್ವನಿಮುದ್ರಣದ ಕೊಠಡಿಯಲ್ಲಿಯೂ ವೇದಿಕೆಯ ಮೇಲಿನಷ್ಟೇ ಗಟ್ಟಿಯಾಗಿ ನುಡಿಸಬೇಕೆಂದು ಕ್ಲಾಪ್ಟನ್ ಹಟ ಹಿಡಿದರು. ತಂತ್ರಜ್ಞರಿಗೆ ಇದು ಸರಿಬರಲಿಲ್ಲ. ಅಂದಿನ ರೂಢಿಯಲ್ಲಿ ವಿದ್ಯುತ್ ಗಿಟಾರಿನ ಸ್ವರ ಒಡೆಯುವುದು ದೋಷವೇ ಆಗಿತ್ತು. ಆದರೆ ಲೆಸ್ ಪಾಲ್‌ನ ಜೋಡಿ ಸುರುಳಿಯ ಪಿಕಪ್‌ಗಳು ಪ್ರಬಲ ಸಂಕೇತವನ್ನು ಕಳುಹಿಸುತ್ತವೆ. ಆಂಪ್ಲಿಫೈಯರಿನ ವಾಲ್ವುಗಳು ತಮ್ಮ ಮಿತಿ ಮೀರಿ ದುಡಿದಾಗ ಸ್ವರ ಒರಟಾಗುವುದರ ಜತೆಗೆ ದೀರ್ಘವೂ ಆಗುತ್ತದೆ. ಮೀಟಿದೊಡನೆ ಅಡಗಬೇಕಾದ ನಾದ ಮನುಷ್ಯನ ಕೊರಳಿನಂತೆ ನಿಲ್ಲುತ್ತದೆ. ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರವನ್ನು ಏರಿಸುವ ಬ್ಲೂಸ್ ಪದ್ಧತಿಗೆ, ವೀಣೆಯ ಗಮಕವನ್ನು ಬಲ್ಲವರಿಗೆ ಹೊಸದೆನಿಸದ ಈ ಕ್ರಮಕ್ಕೆ, ಹೀಗೆ ನಿಲ್ಲುವ ನಾದವೇ ಬೇಕು. 1966ರ ಜುಲೈಯಲ್ಲಿ ಹೊರಬಂದ ಆ ಮುದ್ರಿಕೆಯ ಹೊದಿಕೆಯ ಚಿತ್ರದಲ್ಲಿ ಕ್ಲಾಪ್ಟನ್ 'ಬೀನೋ' ಎಂಬ ಮಕ್ಕಳ ಪತ್ರಿಕೆಯನ್ನು ಓದುತ್ತ ಕುಳಿತಿದ್ದಾರೆ. ಗಿಟಾರಿಗೂ ಅದೇ ಹೆಸರು ಅಂಟಿಕೊಂಡಿತು.

ಅದೇ ವರ್ಷ 'ಕ್ರೀಮ್' ಎಂಬ ಹೊಸ ತಂಡದ ತಾಲೀಮು ನಡೆಯುತ್ತಿದ್ದಾಗ ಬೀನೋ ಕಳುವಾಯಿತು. ಅದು ಅವರ ಕೈಗೆ ಮರಳಲೇ ಇಲ್ಲ. ಆದರೆ ಆ ನಾದವನ್ನು ಕೇಳಿದ ಯುವಕರು ಹಳೆಯ ಲೆಸ್ ಪಾಲ್‌ಗಳಿಗಾಗಿ ಅಂಗಡಿ ಅಂಗಡಿ ಅಲೆಯತೊಡಗಿದರು. 1968ರಲ್ಲಿ ಕಂಪನಿಯು ಆ ಮಾದರಿಯನ್ನು ಮತ್ತೆ ತಯಾರಿಸಲಾರಂಭಿಸಿತು. ಸತ್ತ ಸರಕಿಗೆ ಕ್ಲಾಪ್ಟನ್ ಒಬ್ಬರೇ ಜೀವ ಕೊಟ್ಟರೆಂದರೆ ಅತಿಶಯೋಕ್ತಿಯಾದೀತು. ಅವರ ಪಾಲು ದೊಡ್ಡದೆಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ಕ್ರೀಮ್ ಕಾಲದ ಗಿಬ್ಸನ್ ಎಸ್‌ಜಿ ಗಿಟಾರಿನ ಮೇಲೆ 'ದಿ ಫೂಲ್' ಎಂಬ ಡಚ್ ಕಲಾವಿದರ ತಂಡವು 1967ರಲ್ಲಿ ದೇವದೂತ, ನಕ್ಷತ್ರ, ಜ್ವಾಲೆಗಳ ವರ್ಣಚಿತ್ರವನ್ನು ಬಿಡಿಸಿತು. ಮುಂದೆ ಕೈಯಿಂದ ಕೈಗೆ ದಾಟಿದ ಈ ಗಿಟಾರನ್ನು ಅಮೆರಿಕದ ಗಾಯಕ ಟಾಡ್ ರಂಡ್‌ಗ್ರೆನ್ 500 ಡಾಲರಿಗೆ ಕೊಂಡಿದ್ದರು. 2023ರ ಹರಾಜಿನಲ್ಲಿ ಅದಕ್ಕೆ ಸುಮಾರು 12.7 ಲಕ್ಷ ಡಾಲರು ಬಂದಿತು. ಕೆಂಪು ಬಣ್ಣದ ಮತ್ತೊಂದು ಲೆಸ್ ಪಾಲನ್ನು ಕ್ಲಾಪ್ಟನ್ 1968ರಲ್ಲಿ ಗೆಳೆಯ ಜಾರ್ಜ್ ಹ್ಯಾರಿಸನ್ನರಿಗೆ ಉಡುಗೊರೆಯಾಗಿ ಕೊಟ್ಟರು. ಕೆಲವೇ ವಾರಗಳಲ್ಲಿ, ಸೆಪ್ಟೆಂಬರ್ 6ರಂದು, ಬೀಟಲ್ಸ್ ತಂಡದ 'ವೈಲ್ ಮೈ ಗಿಟಾರ್ ಜೆಂಟ್ಲಿ ವೀಪ್ಸ್' ಗೀತೆಯ ಧ್ವನಿಮುದ್ರಣಕ್ಕೆ ಬಂದು ಅದೇ ಗಿಟಾರನ್ನು ನುಡಿಸಿದವರೂ ಅವರೇ. ಕೊಟ್ಟ ಕೈಯೇ ಅದನ್ನು ಅಮರಗೊಳಿಸಿತು.

ಇಷ್ಟರಲ್ಲಿ ಅವರ ಒಲವು ಗಿಬ್ಸನ್‌ನಿಂದ ಫೆಂಡರ್ ಸ್ಟ್ರಾಟೋಕಾಸ್ಟರ್ ಕಡೆಗೆ ಹರಿದಿತ್ತು. 1956ರಲ್ಲಿ ತಯಾರಾದ ಕಂದು ಛಾಯೆಯ ಸ್ಟ್ರಾಟೋಕಾಸ್ಟರ್ ಒಂದನ್ನು 1967ರ ಮೇ ತಿಂಗಳಲ್ಲಿ ಲಂಡನ್ನಿನ ಅಂಗಡಿಯೊಂದರಲ್ಲಿ 150 ಪೌಂಡಿಗೆ ಕೊಂಡಿದ್ದರು. 'ಬ್ರೌನಿ' ಎಂದು ಹೆಸರಾದ ಇದರಲ್ಲಿಯೇ 1970ರ 'ಲೈಲಾ' ಗೀತೆ ನುಡಿಯಿತು. ಪರ್ಷಿಯನ್ ಕವಿ ನಿಜಾಮಿಯ ಲೈಲಾ-ಮಜನೂ ಕಥೆಯಿಂದ ಹೆಸರು ಪಡೆದ ಆ ಗೀತೆಯ ಹಿಂದಿದ್ದದ್ದು ಹ್ಯಾರಿಸನ್ನರ ಪತ್ನಿ ಪ್ಯಾಟಿ ಬಾಯ್ಡ್ ಅವರ ಮೇಲೆ ಕ್ಲಾಪ್ಟನ್ನರಿಗಿದ್ದ ಮೋಹ.

ಬ್ಲ್ಯಾಕಿ ಹುಟ್ಟಿದ್ದು ಅದೇ 1970ರಲ್ಲಿ. ಅಮೆರಿಕದ ನ್ಯಾಶ್‌ವಿಲ್ ನಗರದ ಶೋ-ಬಡ್ ಎಂಬ ಅಂಗಡಿಯಲ್ಲಿ ಹಳೆಯ ಸ್ಟ್ರಾಟೋಕಾಸ್ಟರುಗಳು ಕೇಳುವವರಿಲ್ಲದೆ ಬಿದ್ದಿದ್ದವು. ಕ್ಲಾಪ್ಟನ್ ಆರು ಗಿಟಾರುಗಳನ್ನು ಕೆಲವೇ ನೂರು ಡಾಲರುಗಳಂತೆ ಕೊಂಡರು. ಒಂದನ್ನು ಹ್ಯಾರಿಸನ್ನರಿಗೆ, ಒಂದನ್ನು ಪೀಟ್ ಟೌನ್‌ಶೆಂಡರಿಗೆ, ಮತ್ತೊಂದನ್ನು ಸ್ಟೀವ್ ವಿನ್‌ವುಡ್ಡರಿಗೆ ಕೊಟ್ಟುಬಿಟ್ಟರು. ಉಳಿದ ಮೂರನ್ನು ಬಿಚ್ಚಿ, ಒಂದರ ಒಡಲು, ಇನ್ನೊಂದರ ಕತ್ತು, ಮಗದೊಂದರ ಪಿಕಪ್ ಎಂಬಂತೆ ಉತ್ತಮ ಭಾಗಗಳನ್ನು ಆರಿಸಿ ಒಂದೇ ಗಿಟಾರನ್ನು ಕಟ್ಟಲಾಯಿತು.

ಇಂಥ ಜೋಡಣೆ ಲೆಸ್ ಪಾಲ್‌ನಲ್ಲಿ ಸುಲಭವಲ್ಲ. ಅಲ್ಲಿ ಕತ್ತನ್ನು ಒಡಲಿಗೆ ಅಂಟಿನಿಂದ ಬೆಸೆದಿರುತ್ತಾರೆ. ರೇಡಿಯೋ ದುರಸ್ತಿಯ ಕಸುಬಿನಿಂದ ಬಂದ ಲಿಯೋ ಫೆಂಡರ್ 1954ರಲ್ಲಿ ಸ್ಟ್ರಾಟೋಕಾಸ್ಟರನ್ನು ಮಾರುಕಟ್ಟೆಗೆ ತಂದಾಗ ಕತ್ತನ್ನು ನಾಲ್ಕು ಸ್ಕ್ರೂಗಳಿಂದ ಬಿಗಿಯುವ ಕ್ರಮವನ್ನು ಇರಿಸಿಕೊಂಡರು. ಕೆಟ್ಟ ಭಾಗವನ್ನು ತೆಗೆದು ಬೇರೊಂದನ್ನು ಹಾಕಿದರೆ ಮುಗಿಯಿತು. ಮೂರೂ ಪಿಕಪ್‌ಗಳು ಒಂದು ಪ್ಲಾಸ್ಟಿಕ್ ಹಲಗೆಗೆ ಅಂಟಿಕೊಂಡಿದ್ದು ಇಡಿಯಾಗಿ ಕಳಚಿ ಬರುತ್ತವೆ. ಕಾರ್ಖಾನೆಯ ಅನುಕೂಲಕ್ಕಾಗಿ ಹುಟ್ಟಿದ ಈ ಉಪಾಯವೇ ಕ್ಲಾಪ್ಟನ್ನರ ಕೈಯಲ್ಲಿ ಕಸಿಯ ವಿದ್ಯೆಯಾಯಿತು. ಪಿಕಪ್ ಆರಿಸುವ ಸ್ವಿಚ್ಚಿಗೆ ಅಂದು ಮೂರೇ ನೆಲೆಗಳು. ಅದನ್ನು ಎರಡು ನೆಲೆಗಳ ನಡುವೆ ಸಿಕ್ಕಿಸಿದರೆ ಟೊಳ್ಳು ಕೊಳವೆಯಿಂದ ಹೊಮ್ಮಿದಂಥ ವಿಶಿಷ್ಟ ನಾದ ಬರುತ್ತದೆ. ಕ್ಲಾಪ್ಟನ್ ಅದನ್ನು ಧಾರಾಳವಾಗಿ ಬಳಸಿದರು. ಸ್ವರವನ್ನು ತೂಗಿಸುವ ಸನ್ನೆಕೋಲಿನ ವ್ಯವಸ್ಥೆಯು ಅವರಿಗೆ ಬೇಡವಾಗಿತ್ತು. ಮರದ ತುಂಡೊಂದನ್ನು ತುರುಕಿ ಅದನ್ನು ಅಲುಗದಂತೆ ಮಾಡಿಸಿದ್ದರು.

ಬ್ಲ್ಯಾಕಿಯೊಂದಿಗೆ ಅವರು ಮೊದಲು ವೇದಿಕೆಯೇರಿದ್ದು 1973ರ ಜನವರಿ 13ರಂದು, ಲಂಡನ್ನಿನ ರೇನ್‌ಬೋ ಸಭಾಂಗಣದಲ್ಲಿ. ಆ ಕಛೇರಿಗೆ ಬೇರೆಯೇ ಮಹತ್ವವಿದೆ. ಹೆರಾಯಿನ್ ಚಟಕ್ಕೆ ಬಿದ್ದ ಕ್ಲಾಪ್ಟನ್ ಎರಡು ವರ್ಷಗಳಿಂದ ಮನೆಯಲ್ಲಿ ಅಡಗಿದಂತಿದ್ದರು. ಅವರನ್ನು ಹೊರಗೆಳೆಯಲೆಂದೇ ಟೌನ್‌ಶೆಂಡ್ ಗೆಳೆಯರನ್ನು ಕೂಡಿಸಿ ಕಛೇರಿ ಏರ್ಪಡಿಸಿದ್ದರು. ಹೆರಾಯಿನ್ ಬಿಟ್ಟಿತು, ಆ ಜಾಗಕ್ಕೆ ಮದ್ಯ ಬಂದಿತು. '461 ಓಷನ್ ಬುಲೆವಾರ್ಡ್', 'ಸ್ಲೋಹ್ಯಾಂಡ್' ಮುಂತಾದ ಮುದ್ರಿಕೆಗಳು, ವರ್ಷವಿಡೀ ಪ್ರವಾಸ, ಎಲ್ಲದರಲ್ಲಿಯೂ ಬ್ಲ್ಯಾಕಿ ಕೈಯಲ್ಲಿತ್ತು, ಬಾಟಲಿ ಪಕ್ಕದಲ್ಲಿತ್ತು. ಬ್ಲೂಸ್ ಎಂಬುದು ಅಮೆರಿಕದ ಕರಿಯ ಜನರ ಸಂಕಟದಿಂದ ಮೂಡಿದ ಸಂಗೀತ. ಅದರಿಂದಲೇ ಕೀರ್ತಿ ಗಳಿಸಿದ ಕ್ಲಾಪ್ಟನ್ 1976ರಲ್ಲಿ ಬರ್ಮಿಂಗ್‌ಹ್ಯಾಮಿನ ವೇದಿಕೆಯ ಮೇಲೆ ವಲಸಿಗರ ವಿರುದ್ಧ ಹೀನ ಮಾತುಗಳನ್ನಾಡಿದರು. ಅದನ್ನು ಪ್ರತಿಭಟಿಸಿಯೇ 'ರಾಕ್ ಅಗೇನ್ಸ್ಟ್ ರೇಸಿಸಂ' ಎಂಬ ಚಳವಳಿ ಹುಟ್ಟಿತು. ಕುಡಿತವನ್ನು ಕಾರಣವಾಗಿ ಹೇಳಬಹುದು, ಸಮರ್ಥನೆಯಾಗಿ ಅಲ್ಲ. ಬಹುಕಾಲದ ಬಳಿಕ ಕ್ಲಾಪ್ಟನ್ ಆ ಬಗ್ಗೆ ನಾಚಿಕೆ ವ್ಯಕ್ತಪಡಿಸಿದರು.

1982ರಲ್ಲಿ ಅಮೆರಿಕದ ಹೇಜಲ್ಡನ್ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೂ ಚಟ ಮರುಕಳಿಸಿತು. 1987ರಲ್ಲಿ ಮತ್ತೆ ಅಲ್ಲಿಗೇ ಹೋಗಿ ಬಂದ ಮೇಲೆ ಅವರು ಕುಡಿಯಲಿಲ್ಲ. 1991ರ ಮಾರ್ಚಿನಲ್ಲಿ ನಾಲ್ಕು ವರ್ಷದ ಮಗ ಕಾನರ್ ನ್ಯೂಯಾರ್ಕಿನ ಬಹುಮಹಡಿ ಕಟ್ಟಡದ ಕಿಟಕಿಯಿಂದ ಬಿದ್ದು ಮೃತಪಟ್ಟಾಗಲೂ ಕುಡಿಯಲಿಲ್ಲ. ಮರುವರ್ಷದ ಜನವರಿಯಲ್ಲಿ, 1939ರಲ್ಲಿ ತಯಾರಾದ ಮಾರ್ಟಿನ್ ಗಿಟಾರನ್ನು ಹಿಡಿದು ಎಂಟಿವಿಯ 'ಅನ್‌ಪ್ಲಗ್ಡ್' ಕಾರ್ಯಕ್ರಮದಲ್ಲಿ ಕುಳಿತರು. ಮಗನ ಅಗಲಿಕೆಯ ನೋವಿನಿಂದ ರಚಿಸಿದ 'ಟಿಯರ್ಸ್ ಇನ್ ಹೆವನ್' ಗೀತೆಯನ್ನು ಅಲ್ಲಿ ಹಾಡಿದರು. ಆ ಕಾರ್ಯಕ್ರಮದ ಮುದ್ರಿಕೆ ಅವರ ಅತಿ ಹೆಚ್ಚು ಮಾರಾಟವಾದ ಕೃತಿಯಾಯಿತು.

ಬ್ಲ್ಯಾಕಿ ಅಷ್ಟರಲ್ಲಿ ನಿವೃತ್ತಿ ಹೊಂದಿತ್ತು. ಕತ್ತು ಸವೆದು ಕಿರಿದಾಗಿ ತಂತಿಗಳು ಅಂಚಿಗೆ ಜಾರುವಂತಾದುದರಿಂದ 1980ರ ದಶಕದ ಮಧ್ಯದಲ್ಲಿ ಅದನ್ನು ಬದಿಗಿಡಬೇಕಾಯಿತು. ಫೆಂಡರ್ ಕಂಪನಿಯು ಅದರ ಕತ್ತಿನ ಆಕಾರವನ್ನು ಅನುಸರಿಸಿ 1988ರಲ್ಲಿ ಕ್ಲಾಪ್ಟನ್ ಹೆಸರಿನ ಮಾದರಿಯೊಂದನ್ನು ಹೊರತಂದಿತು. ಮುಂದೆ ಅವರು ಹೆಚ್ಚಾಗಿ ನುಡಿಸಿದ್ದು ಅಂಥವುಗಳನ್ನೇ.

ಕ್ರಾಸ್‌ರೋಡ್ಸ್ ಕೇಂದ್ರದಲ್ಲಿ ಹಣವಿಲ್ಲದವರಿಗೂ ಚಿಕಿತ್ಸೆ ದೊರೆಯಬೇಕೆಂಬುದು ಉದ್ದೇಶವಾಗಿತ್ತು. ಅದಕ್ಕೆ ನಿಧಿ ಬೇಕು. 1999ರ ಜೂನ್ 24ರಂದು ನೂರು ಗಿಟಾರುಗಳು ಹರಾಜಿಗೆ ಬಂದವು. ಒಟ್ಟು ಸುಮಾರು 50 ಲಕ್ಷ ಡಾಲರು ಸಂಗ್ರಹವಾಯಿತು. ಬ್ರೌನಿ ಒಂದಕ್ಕೇ 4,97,500 ಡಾಲರು. ಅದು ಸಿಯಾಟಲ್ ನಗರದ ಸಂಗೀತ ವಸ್ತುಸಂಗ್ರಹಾಲಯಕ್ಕೆ ಹೋಯಿತು. ಸರಿಯಾಗಿ ಐದು ವರ್ಷಗಳ ನಂತರದ ಎರಡನೆಯ ಹರಾಜಿನಲ್ಲಿ ಮಾತ್ರ ಕ್ಲಾಪ್ಟನ್ ತಮಗೆ ಅತ್ಯಂತ ಪ್ರಿಯವಾದುದನ್ನೇ ಬಿಟ್ಟುಕೊಟ್ಟರು. ಬ್ಲ್ಯಾಕಿಯೊಂದಿಗೆ ಯಾರ್ಡ್‌ಬರ್ಡ್ಸ್ ಕಾಲದ ಇಎಸ್-335 ಕೂಡ ಹೋಯಿತು, 8,47,500 ಡಾಲರಿಗೆ. ಅನ್‌ಪ್ಲಗ್ಡ್‌ನ ಮಾರ್ಟಿನ್ನಿಗೆ 7,91,500 ಡಾಲರು ಬಂದಿತು. ಇತರ ಕಲಾವಿದರ ಗಿಟಾರುಗಳೂ ಸೇರಿ ಆ ದಿನದ ಮೊತ್ತ ಸುಮಾರು 74 ಲಕ್ಷ ಡಾಲರು. 2011ರಲ್ಲಿ ಬಾನ್‌ಹ್ಯಾಮ್ಸ್ ಸಂಸ್ಥೆಯ ಮೂಲಕ ಮೂರನೆಯ ಹರಾಜು ನಡೆದು 21 ಲಕ್ಷ ಡಾಲರು ದಾಟಿತು.

ಬ್ಲ್ಯಾಕಿಯ ದಾಖಲೆ ಉಳಿಯಲಿಲ್ಲ. 2019ರಲ್ಲಿ ಡೇವಿಡ್ ಗಿಲ್ಮರ್ ಅವರ ಕಪ್ಪು ಸ್ಟ್ರಾಟೋಕಾಸ್ಟರಿಗೆ 39.75 ಲಕ್ಷ, 2020ರಲ್ಲಿ ಕರ್ಟ್ ಕೋಬೇನ್ ಅವರ ಮಾರ್ಟಿನ್ನಿಗೆ 60 ಲಕ್ಷ ಡಾಲರು ಬಂದವು.

ಬ್ಲ್ಯಾಕಿಯನ್ನು ಕೊಂಡದ್ದು ಅಮೆರಿಕದ ಗಿಟಾರ್ ಸೆಂಟರ್ ಎಂಬ ವಾದ್ಯ ಮಳಿಗೆಗಳ ಸಂಸ್ಥೆ. 2006ರಲ್ಲಿ ಫೆಂಡರ್ ಕಾರ್ಖಾನೆಯ ಕುಶಲಕರ್ಮಿಗಳು ಮೂಲವನ್ನು ಬಿಚ್ಚಿ ಅಳೆದು 275 ಪ್ರತಿಕೃತಿಗಳನ್ನು ತಯಾರಿಸಿದರು. ಒಂದೊಂದಕ್ಕೆ 24,000 ಡಾಲರು. ಎದ್ದುಹೋದ ಬಣ್ಣ, ಸವೆದ ಕತ್ತು, ತಂತಿಯ ತುದಿಗೆ ಸಿಕ್ಕಿಸಿಟ್ಟ ಸಿಗರೇಟು ತಲೆಯ ಮೇಲೆ ಉಳಿಸಿದ್ದ ಸುಟ್ಟ ಕಲೆ, ಎಲ್ಲವನ್ನೂ ಹೊಸ ಮರದ ಮೇಲೆ ಯಥಾವತ್ತಾಗಿ ಮೂಡಿಸಲಾಗಿತ್ತು.