‘ನನ್ನ ಕೈಲಾಗಲ್ಲ’ ಎನ್ನುವ ಒಳದನಿಗೆ ಉತ್ತರ

ಬೆಂಗಳೂರಿನ ಪದ್ಮನಾಭನಗರದಂಥ ಮಧ್ಯಮವರ್ಗದ ಬಡಾವಣೆಯಲ್ಲಿ ಮನೆಯವರ ಕುಡಿತದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ‘ಅವರಿಗೆ ಹುಷಾರಿಲ್ಲ’ ಎಂದು ವಿಷಯ ಮುಚ್ಚುತ್ತಾರೆ. ಆದರೆ ಕುಡಿಯುವವನ ತಲೆಯೊಳಗೆ ಮಾತು ನಿಲ್ಲುವುದೇ ಇಲ್ಲ. ‘ನಾನು ಕೆಲಸಕ್ಕೆ ಬಾರದವನು’, ‘ಮನೆ ಹಾಳು ಮಾಡಿದೆ’, ‘ಇನ್ನು ಬಿಟ್ಟರೇನು, ಹಿಡಿದರೇನು’. ಆ ಮಾತು ತಡೆಯಲಾರದೆ ಸಂಜೆ ಮತ್ತೆ ಬಾರಿಗೆ ಹೋಗುತ್ತಾನೆ. ಬೆಳಗಾದರೆ ಅದೇ ಮಾತು ಇನ್ನೂ ಜೋರಾಗಿರುತ್ತದೆ.

ಮದ್ಯ ಮಿದುಳನ್ನು ಮಂಕಾಗಿಸುವ ವಸ್ತು; ಅದು ಮನಸ್ಸನ್ನು ಖಿನ್ನತೆಗೂ ದೂಡಬಲ್ಲದು. ಕುಡಿತದಿಂದಲೇ ಹುಟ್ಟಿದ ಖಿನ್ನತೆ ಹೆಚ್ಚಿನವರಲ್ಲಿ ಪೂರ್ತಿ ಬಿಟ್ಟ ಮೂರು–ನಾಲ್ಕು ವಾರಗಳಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ಖಿನ್ನತೆಗೇ ಪ್ರತ್ಯೇಕ ಚಿಕಿತ್ಸೆ ಬೇಕು. ಆ ಮೊದಲ ವಾರಗಳನ್ನು ದಾಟುವುದೇ ಕಷ್ಟ. ತನ್ನೊಂದಿಗೆ ತಾನು ಹೇಗೆ ಮಾತಾಡಬೇಕೆಂದು ಆಪ್ತಸಮಾಲೋಚಕರು ಹೇಳಿಕೊಡುವುದು ಈ ಹಂತಕ್ಕಾಗಿಯೇ.

ಹಾಗೆಂದು ಕನ್ನಡಿ ಮುಂದೆ ನಿಂತು ‘ನಾನು ಮಹಾನ್ ವ್ಯಕ್ತಿ’ ಎಂದು ಜಪಿಸುವುದಲ್ಲ. ಕೆನಡಾದ ಮನೋವಿಜ್ಞಾನಿ ಜೊಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಬಗ್ಗೆ ಕೀಳರಿಮೆ ಇದ್ದವರು ಇಂಥ ಹೊಗಳಿಕೆ ಹೇಳಿಕೊಂಡು ಮತ್ತಷ್ಟು ಕುಗ್ಗಿದ್ದು ಕಂಡುಬಂತು. ಮನಸ್ಸು ನಂಬದ ಮಾತು ನಾಟುವುದಿಲ್ಲ. ನಾಟುವುದು ಸಣ್ಣ ನಿಜಗಳು: ‘ಇವತ್ತು ಬೆಳಿಗ್ಗೆ ಕೈ ನಡುಗಲಿಲ್ಲ’, ‘ಕುಡೀಬೇಕು ಅನ್ನಿಸ್ತಿದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತೆ’. ತನ್ನ ಹೆಸರನ್ನೇ ಕರೆದುಕೊಂಡು, ‘ಮಂಜು, ನಿನ್ನೇನೂ ಹಿಂಗೇ ಆಗಿತ್ತು, ದಾಟಿದೆಯಲ್ಲ’ ಎಂದುಕೊಂಡರೆ ಸಂಕಟವನ್ನು ಒಂದಿಷ್ಟು ದೂರದಿಂದ ನೋಡಲು ಸಾಧ್ಯವಾಗುತ್ತದೆ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ, ಕುಡಿತ ಬಿಡಲು ಪರಸ್ಪರ ನೆರವಾಗುವವರ ಕೂಟವಾದ ಆಲ್ಕೋಹಾಲಿಕ್ಸ್ ಅನಾನಿಮಸ್‌ನವರು ‘ಇವತ್ತೊಂದು ದಿನ ಕುಡಿಯುವುದಿಲ್ಲ’ ಎನ್ನುವುದೂ ಇಂಥದೇ ಮಾತು.

ಎಲ್ಲಕ್ಕಿಂತ ಮುಖ್ಯವಾದದ್ದು ಎಡವಿದ ದಿನದ ಮಾತು. ‘ಒಂದು ಪೆಗ್ ಹಾಕಿದೆ, ಎಲ್ಲ ಮುಗೀತು’ ಎಂದುಕೊಂಡವನು ಬಾಟಲಿ ಖಾಲಿ ಮಾಡುತ್ತಾನೆ. ‘ತಪ್ಪಾಯ್ತು, ಇಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ಹೇಳ್ತೀನಿ’ ಎಂದುಕೊಂಡವನಿಗೆ ಹಿಂತಿರುಗುವ ದಾರಿ ಇರುತ್ತದೆ. ಹಾಗೆ ಎಡವುವುದು ಈ ಕಾಯಿಲೆಯಲ್ಲಿ ಸಾಮಾನ್ಯ ಎಂಬುದನ್ನು ಮನೆಯವರೂ ತಿಳಿದಿರಬೇಕು. ಎಷ್ಟೋ ಸಲ ಅವನು ತನಗೆ ತಾನೇ ಬೈದುಕೊಳ್ಳುವುದು ಹೆಂಡತಿ, ಅಣ್ಣ, ಅಕ್ಕಪಕ್ಕದವರಿಂದ ಕೇಳಿಸಿಕೊಂಡ ಮಾತುಗಳಲ್ಲೇ. ಅವರ ನೋವೂ ಸುಳ್ಳಲ್ಲ. ಆದರೂ ‘ಕುಡುಕ’ ಎಂದು ಕರೆಯುವುದು ಮನೆಯೊಳಗೆ ನಿಲ್ಲದಿದ್ದರೆ ಅವನ ಒಳದನಿ ಬದಲಾಗುವುದು ಕಷ್ಟ.

ಒಳದನಿ ಬದಲಾದರಷ್ಟೇ ಸಾಲದು, ಚಿಕಿತ್ಸೆಯೂ ಬೇಕು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಮದ್ಯದ ಸಮಸ್ಯೆ ಇರುವವರಲ್ಲಿ ನೂರಕ್ಕೆ ಸುಮಾರು 86 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಪದ್ಮನಾಭನಗರದವರು ಜಯನಗರ ದಾಟಿದರೆ ಹೊಸೂರು ರಸ್ತೆಯಲ್ಲಿ ಅದೇ ನಿಮ್ಹಾನ್ಸ್ ಇದೆ, ಅಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ದಿನವೂ ಹೆಚ್ಚು ಕುಡಿಯುವವರು ವೈದ್ಯರನ್ನು ಕಾಣದೆ ಏಕಾಏಕಿ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು, ಪ್ರಾಣಕ್ಕೇ ಅಪಾಯವಾಗಬಹುದು. ಸಾಯುವ ಯೋಚನೆ ಸುಳಿದರೆ ಒಬ್ಬರೇ ಇರಬೇಡಿ, ತಕ್ಷಣ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ; ಕರೆ ಉಚಿತ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.