ಸೆಕೆಂಡ್ ಹ್ಯಾಂಡ್ ಪ್ಯಾರಾಮೋಟರ್ ತಗೋಬಹುದಾ? ಹನೂರಿಂದ ಬಂದ ಒಂದು ಪ್ರಶ್ನೆ

ಹೋದ ವಾರ ಹನೂರು ಕಡೆಯ ಒಬ್ಬ ಕೇಳುಗರು ವಾಯ್ಸ್ ಮೆಸೇಜ್ ಕಳಿಸಿದ್ರು. ಅವರ ಮಾತಲ್ಲೇ ಹೇಳ್ತೀನಿ: "ಅಣ್ಣ, ಪ್ಯಾರಾಮೋಟರ್ ಒಂದು ಸೆಕೆಂಡ್ ಹ್ಯಾಂಡಲ್ಲಿ ಸಿಕ್ತಾ ಅದೆ. ಎಂಜಿನ್ನು, ರೆಕ್ಕೆ ಎರಡೂ ಸೇರಿ 2 ಲಕ್ಷದ 80 ಸಾವಿರ ಹೇಳ್ತಾವ್ರೆ. ನನ್ನತ್ರ 3 ಲಕ್ಷ ಅದೆ. ಯೂಟ್ಯೂಬ್ ನೋಡ್ಕಂಡೇ ಕಲ್ತ್ಕಬೌದು ಅಂತಾವ್ರೆ. ತಗಂಡ್ಬುಡ್ಲಾ?"

ಆ 3 ಲಕ್ಷ ಅವರು ಮೂರು ವರ್ಷ ಬೆಂಗಳೂರಲ್ಲಿ ದುಡಿದು ಉಳಿಸಿದ್ದು. ಹಾಗಾಗಿ ಒಂದು ಸಾಲಲ್ಲಿ ಉತ್ತರ ಹೇಳಿ ಮುಗಿಸೋಕೆ ಮನಸ್ಸು ಬರಲಿಲ್ಲ. ಮೊದಲೇ ಹೇಳಿಬಿಡ್ತೀನಿ, ನಾನು ಪೈಲಟ್ ಅಲ್ಲ, ಬಿ.ಕಾಂ ಓದಿದವನು. ಹಾರೋದನ್ನ ಕಲಿಸೋಕೆ ನನಗೆ ಬರಲ್ಲ. ಆದ್ರೆ ದುಡ್ಡು ಯಾವುದಕ್ಕೆ ಮೊದಲು ಹಾಕಬೇಕು, ಯಾವುದಕ್ಕೆ ಆಮೇಲೆ ಅನ್ನೋ ಲೆಕ್ಕ ಹೇಳಬಲ್ಲೆ. ಈ ಆಟದಲ್ಲಿ ಆ ಲೆಕ್ಕ ತಪ್ಪಿದ್ರೆ ಹೋಗೋದು ಬರೀ ದುಡ್ಡಲ್ಲ.

ಏನಿದು ಪ್ಯಾರಾಮೋಟರ್?

ಬೆಟ್ಟದಿಂದ ಓಡಿ ಹಾರೋ ಪ್ಯಾರಾಗ್ಲೈಡಿಂಗ್ ನೋಡಿರ್ತೀರಿ. ಅದೇ ತರದ ಬಟ್ಟೆ ರೆಕ್ಕೆ ಇಲ್ಲೂ ಇರುತ್ತೆ. ಜೊತೆಗೆ ಬೆನ್ನ ಮೇಲೆ ಒಂದು ಎಂಜಿನ್, ಅದಕ್ಕೊಂದು ಪ್ರೊಪೆಲ್ಲರ್, ಅದರ ಸುತ್ತ ಬಲೆ ಇರೋ ಒಂದು ಚೌಕಟ್ಟು. ಬೆಟ್ಟ ಬೇಕಿಲ್ಲ, ಸಮತಟ್ಟಾದ ಹೊಲದಿಂದಲೇ ಓಡಿ ಏಳಬಹುದು.

ಎಂಜಿನ್ ಸಾಮಾನ್ಯವಾಗಿ ಟೂ ಸ್ಟ್ರೋಕ್, 80ರಿಂದ 200 ಸಿಸಿ ಒಳಗೆ. ನಮ್ಮ ಹಳೇ ಆರ್‌ಎಕ್ಸ್ 100 ಎಂಜಿನ್ 98 ಸಿಸಿ ಇತ್ತಲ್ಲ, ಹೆಚ್ಚುಕಮ್ಮಿ ಅದೇ ಜಾತಿ. ಪೆಟ್ರೋಲ್ ತುಂಬಿದ ಮೇಲೆ ಪೂರ್ತಿ ಯಂತ್ರ 25ರಿಂದ 30 ಕೆಜಿ ತೂಗುತ್ತೆ. ಅರ್ಧ ಮೂಟೆ ಅಕ್ಕಿ ಬೆನ್ನಿಗೆ ಕಟ್ಕೊಂಡು ಓಡಿದ ಹಾಗೆ. ಕಲಿಯೋರ ರೆಕ್ಕೆ ಗಂಟೆಗೆ ಸುಮಾರು 35ರಿಂದ 40 ಕಿಲೋಮೀಟರ್ ವೇಗದಲ್ಲಿ ಹೋಗುತ್ತೆ. ಈ ವೇಗ ನೆನಪಿಟ್ಕೊಳ್ಳಿ, ಗಾಳಿ ವಿಷಯಕ್ಕೆ ಬಂದಾಗ ಬೇಕಾಗುತ್ತೆ.

ಒಂದು ತಪ್ಪು ಕಲ್ಪನೆ ಸರಿ ಮಾಡ್ಕೊಳ್ಳೋಣ. ನಮ್ಮನ್ನ ಮೇಲೆ ಹಿಡಿದಿರೋದು ಎಂಜಿನ್ ಅಲ್ಲ, ರೆಕ್ಕೆ. ಎಂಜಿನ್ ಮುಂದಕ್ಕೆ ತಳ್ಳುತ್ತೆ ಅಷ್ಟೇ. ಅದು ಆಕಾಶದಲ್ಲಿ ನಿಂತೋದ್ರೂ ಕಲ್ಲಿನ ತರ ಬೀಳಲ್ಲ, ಜಾರಿಕೊಂಡು ಇಳೀತೀವಿ. ಆದ್ರೆ ರೆಕ್ಕೆ ಕೈಕೊಟ್ರೆ ಎಂಜಿನ್ ಎಷ್ಟು ದುಬಾರಿಯದ್ದಾದ್ರೂ ಪ್ರಯೋಜನ ಇಲ್ಲ. ಹೊಸಬರು ಮಾಡೋದು ಉಲ್ಟಾ. ಸೌಂಡ್ ಕೇಳಿ ಎಂಜಿನ್ ಆರಿಸ್ತಾರೆ, ಅದರ ಜೊತೆ ಬಂದ ರೆಕ್ಕೆ ಹಾಕ್ಕೊಂಡು ಹೋಗ್ತಾರೆ.

ನನ್ನ ಪ್ರಕಾರ ಕ್ರಮ ಇದು: ಮೊದಲು ಕಲಿಕೆ, ಆಮೇಲೆ ರೆಕ್ಕೆ, ಕೊನೆಗೆ ಎಂಜಿನ್.

ಮೊದಲು ಕಲಿಕೆ

ಯೂಟ್ಯೂಬ್ ಯಾಕೆ ಸಾಲಲ್ಲ? ವಿಡಿಯೋ ನಿಮಗೆ ತೋರಿಸುತ್ತೆ, ಆದ್ರೆ ನಿಮ್ಮನ್ನ ನೋಡಲ್ಲ. ನಿಮ್ಮ ರೆಕ್ಕೆ ಎಡಕ್ಕೆ ವಾಲ್ತಾ ಇದೆ, ಈಗ ನಿಲ್ಲಿಸಿ ಅಂತ ಹೇಳೋಕೆ ಅಲ್ಲಿ ಯಾರೂ ಇರಲ್ಲ.

ಒಳ್ಳೆ ಕಡೆ ಕಲಿಸುವಾಗ ಮೊದಲ ದಿನಗಳಲ್ಲಿ ಹಾರೋದೇ ಇಲ್ಲ. ನೆಲದ ಮೇಲೆ ನಿಂತು ರೆಕ್ಕೆ ಎತ್ತೋದು, ತಲೆ ಮೇಲೆ ನಿಲ್ಲಿಸೋದು, ಇಳಿಸೋದು. ಬೇಜಾರಾಗುತ್ತೆ, ಬೆವರು ಕಿತ್ತು ಬರುತ್ತೆ. ಆದ್ರೆ ಈ ಆಟದ ಅಕ್ಷರಾಭ್ಯಾಸ ಅದು. ಆಮೇಲೆ ಎಂಜಿನ್ ಇಲ್ಲದೆ ಸಣ್ಣ ಗುಡ್ಡದಿಂದ ಹಾರಿಸ್ತಾರೆ, ಇಲ್ಲ ಹಗ್ಗ ಕಟ್ಟಿ ಎಳೆದು ಹಾರಿಸ್ತಾರೆ. ಆಮೇಲೆ ಬರೀ ಎಂಜಿನ್ ಬೆನ್ನಿಗೆ ಹಾಕ್ಕೊಂಡು ಓಡಾಟ. ಇದೆಲ್ಲಾ ಆದ್ಮೇಲೆ ಹೆಲ್ಮೆಟ್‌ನಲ್ಲಿ ರೇಡಿಯೋ ಇಟ್ಟು, ನೆಲದಿಂದ ಗುರುಗಳು ಹೇಳ್ತಾ ಹೇಳ್ತಾ ಮೊದಲ ಹಾರಾಟ.

ಭಾರತದಲ್ಲಿ ಪ್ಯಾರಾಗ್ಲೈಡಿಂಗ್ ಕಲಿಕೆಗೆ ಹೆಸರಾದ ಜಾಗ ಅಂದ್ರೆ ಪುಣೆ ಹತ್ತಿರದ ಕಾಮ್‌ಶೆಟ್. ಹಿಮಾಚಲದ ಬೀರ್-ಬಿಲ್ಲಿಂಗ್ ಗೊತ್ತಿರುತ್ತೆ, 2015ರಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ನಡೆದ ಊರು. ಎಲ್ಲೇ ಹೋಗಿ, ದುಡ್ಡು ಕಟ್ಟೋ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ನಾನೊಬ್ಬನೇ ಹಾರೋ ತನಕ ಕಲಿಸ್ತೀರಾ, ಇಲ್ಲ ಒಂದು ರೌಂಡ್ ಕೂರಿಸ್ಕೊಂಡು ಹೋಗಿ ಕಳಿಸ್ತೀರಾ? ಕಲಿಯುವಾಗ ಯಂತ್ರ ನಿಮ್ಮದಾ, ನನ್ನದಾ? ಹವಾಮಾನ ಕೆಟ್ಟು ದಿನ ವೇಸ್ಟ್ ಆದ್ರೆ ಏನು? ಪ್ರೊಪೆಲ್ಲರ್ ಮುರಿದ್ರೆ ಯಾರು ಕೊಡಬೇಕು? ಕಲಿಯುವಾಗ ಪ್ರೊಪೆಲ್ಲರ್ ಮುರಿಯೋದು ಅಪರೂಪ ಏನಲ್ಲ, ಅದನ್ನೂ ಲೆಕ್ಕಕ್ಕೆ ಸೇರಿಸ್ಕೊಳ್ಳಿ.

ರೆಕ್ಕೆ ಆರಿಸೋದು

ಯುರೋಪಿನ ಮಾನದಂಡದಲ್ಲಿ ರೆಕ್ಕೆಗಳಿಗೆ ಎ, ಬಿ, ಸಿ, ಡಿ ಅಂತ ದರ್ಜೆ ಇದೆ. ಹೊಸಬರಿಗೆ ಎ. ಗಾಳಿಗೆ ಸಿಕ್ಕಿ ಒಂದು ಕಡೆ ಮಡಚಿಕೊಂಡ್ರೂ ಎ ದರ್ಜೆಯ ರೆಕ್ಕೆ ಬಹುಪಾಲು ತಾನಾಗೇ ಬಿಚ್ಚಿಕೊಳ್ಳುತ್ತೆ. ಸಿ, ಡಿ ವೇಗವಾಗಿ ಹೋಗ್ತವೆ, ಆದ್ರೆ ತಪ್ಪು ಮಾಡಿದ್ರೆ ಕ್ಷಮಿಸಲ್ಲ. ರಿಫ್ಲೆಕ್ಸ್ ಅಂತ ಇನ್ನೊಂದು ಬಗೆ ಇದೆ. ಕಲಿಸೋರು ನಿಮಗೆ ಅದೇ ಸರಿ ಅಂತ ಹೇಳೋ ತನಕ ಅದರ ಸಹವಾಸ ಬೇಡ.

ಎರಡನೇದು ಅಳತೆ. ಪ್ರತಿ ರೆಕ್ಕೆ ಮೇಲೂ ಇಷ್ಟರಿಂದ ಇಷ್ಟು ಕೆಜಿ ಅಂತ ಬರೆದಿರುತ್ತೆ. ಅದು ನಿಮ್ಮ ತೂಕ ಮಾತ್ರ ಅಲ್ಲ, ನೆಲ ಬಿಟ್ಟು ಏಳೋ ಎಲ್ಲದರ ತೂಕ. ನೀವು 70, ಯಂತ್ರ 25, ಐದು ಲೀಟರ್ ಪೆಟ್ರೋಲ್ ಸುಮಾರು 4, ರೆಕ್ಕೆ 6, ಹೆಲ್ಮೆಟ್ ಬೂಟು ಎಲ್ಲಾ ಸೇರಿ 3. ಒಟ್ಟು 108 ಕೆಜಿ. ರೆಕ್ಕೆ ಮೇಲೆ 75ರಿಂದ 95 ಅಂತ ಬರೆದಿದ್ರೆ ಅದು ನಿಮ್ಮದಲ್ಲ, ಎಷ್ಟೇ ಕಮ್ಮಿಗೆ ಸಿಕ್ಕಿದ್ರೂ.

ಮೂರನೇದು ವಯಸ್ಸು. ರೆಕ್ಕೆ ನೈಲಾನ್ ಬಟ್ಟೆ. ಕೊಳ್ಳೇಗಾಲದ ಮನೆಗಳಲ್ಲಿ ರೇಷ್ಮೆ ಸೀರೆನ ಯಾರಾದ್ರೂ ಸುಡುಬಿಸಿಲಿಗೆ ಒಣಹಾಕ್ತಾರಾ? ಇದಕ್ಕೂ ಬಿಸಿಲೇ ಶತ್ರು. ಬಿಸಿಲು ತಿಂದ ಬಟ್ಟೆ ನೋಡೋಕೆ ಚೆನ್ನಾಗೇ ಇರುತ್ತೆ, ಆದ್ರೆ ಗಾಳಿ ಒಳಗಿಂದ ನುಸುಳೋಕೆ ಶುರು ಆಗುತ್ತೆ, ದಾರಗಳು ಬಲ ಕಳ್ಕೊಳ್ತವೆ. ಬಟ್ಟೆ ಎಷ್ಟು ಗಾಳಿ ಬಿಡುತ್ತೆ, ದಾರ ಎಷ್ಟು ಭಾರ ತಡೆಯುತ್ತೆ ಅಂತ ಅಳೆಯೋ ಪರೀಕ್ಷೆಗಳಿವೆ. ಆ ಪರೀಕ್ಷೆಯ ವರದಿ ಇಲ್ಲದ ಹಳೇ ರೆಕ್ಕೆ ತಗೋಬೇಡಿ.

ಎಂಜಿನ್ ಮತ್ತು ಉಳಿದದ್ದು

ಎಂಜಿನ್ ಆರಿಸುವಾಗ ಕೇಳಬೇಕಾದ್ದು ಎರಡೇ: ನನ್ನ ತೂಕಕ್ಕೆ ಸಾಕಾಗುವಷ್ಟು ತಳ್ಳುತ್ತಾ? ಬಿಡಿಭಾಗ ಸಿಗುತ್ತಾ? ಹಗುರ ಮೈಯವರಿಗೆ 80 ಸಿಸಿ ವರ್ಗ ಸಾಕಾಗಬಹುದು, ದಪ್ಪ ಇರೋರಿಗೆ 185 ಸಿಸಿ ವರ್ಗ. ನಮ್ಮ ಕಡೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ, ಬೇಸಿಗೆ ಬಿಸಿ ಬೇರೆ. ತೆಳು ಗಾಳಿಯಲ್ಲಿ ಎಂಜಿನ್ ಬಲ ಸ್ವಲ್ಪ ಕಮ್ಮಿ ಆಗುತ್ತೆ, ಜಾಸ್ತಿ ಓಡಬೇಕಾಗುತ್ತೆ. ಹಾಗಂತ ಬೇಕಿದ್ದಕ್ಕಿಂತ ದೊಡ್ಡದು ತಗೊಂಡ್ರೆ ಅದು ಬೆನ್ನಿಗೂ ಭಾರ, ಗ್ಯಾಸ್ ಕೊಟ್ಟಾಗ ನಿಮ್ಮನ್ನ ಒಂದು ಪಕ್ಕಕ್ಕೆ ತಿರುಚೋದೂ ಜಾಸ್ತಿ.

ಪೆಟ್ರೋಲ್ ವಿಷಯ. ಈಗ ಬಂಕ್‌ನಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಬೆರೆಸಿದ್ದು. ಎಥನಾಲ್ ನೀರಿನ ಪಸೆ ಹೀರುತ್ತೆ, ಕಾರ್ಬ್ಯುರೇಟರ್ ಒಳಗಿನ ತೆಳು ರಬ್ಬರ್ ಪದರಕ್ಕೂ ಒಳ್ಳೇದಲ್ಲ. ತಿಂಗಳುಗಟ್ಟಲೆ ಟ್ಯಾಂಕಲ್ಲಿ ಪೆಟ್ರೋಲ್ ಬಿಟ್ಟಿಟ್ಟ ಯಂತ್ರ ಹಾರಾಟದ ಮಧ್ಯೆ ಕೆಮ್ಮೋದು ಇದರಿಂದಲೇ ಇರಬಹುದು.

ಹೆಲ್ಮೆಟ್, ಕಾಲುಮಣಿಕಟ್ಟು ಹಿಡಿದಿಡೋ ಬೂಟು, ತುರ್ತು ಪ್ಯಾರಾಚೂಟ್ ಇವನ್ನೆಲ್ಲ "ಆಮೇಲೆ ನೋಡೋಣ" ಪಟ್ಟಿಗೆ ಹಾಕಬೇಡಿ. ಇನ್ನೊಂದು ಮಾತು. ಈ ಆಟದಲ್ಲಿ ತುಂಬಾ ಜನರ ಕೈಬೆರಳು ಹೋಗಿರೋದು ಆಕಾಶದಲ್ಲಲ್ಲ, ನೆಲದ ಮೇಲೆ ಎಂಜಿನ್ ಸ್ಟಾರ್ಟ್ ಮಾಡುವಾಗ, ತಿರುಗೋ ಪ್ರೊಪೆಲ್ಲರ್‌ಗೆ ಸಿಕ್ಕಿ.

ನಮ್ಮೂರಿನ ಆಕಾಶ

ಈಗ ನಮ್ಮ ಮೂರು ತಾಲ್ಲೂಕಿಗೆ ಬರೋಣ. ಕೊಳ್ಳೇಗಾಲ, ಹನೂರು, ಯಳಂದೂರು. ಭತ್ತ ಕೊಯ್ದಾದ ಗದ್ದೆ ಬಯಲು ನೋಡಿದ್ರೆ ಹಾರೋಕೇ ಮಾಡಿಟ್ಟ ಹಾಗಿರುತ್ತೆ. ಆದ್ರೂ ನಾಲ್ಕು ವಿಷಯ ಗಮನಿಸಿ.

ಒಂದು, ಕರೆಂಟ್ ವೈರು. ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯ್ತು ಅಂತ ನಾವೆಲ್ಲ ಹೆಮ್ಮೆಯಿಂದ ಹೇಳ್ತೀವಿ. ಇವತ್ತು ದೊಡ್ಡ ಲೈನುಗಳ ಜೊತೆಗೆ ಪಂಪ್‌ಸೆಟ್ ಲೈನುಗಳು ಹೊಲ ಹೊಲದ ಮೇಲೂ ಹಾದುಹೋಗಿವೆ. ಮೇಲಿಂದ ತಂತಿ ಕಾಣಲ್ಲ, ಕಂಬ ಕಾಣುತ್ತೆ. ಎರಡು ಕಂಬ ಕಂಡ್ರೆ ಮಧ್ಯೆ ತಂತಿ ಇದೆ ಅಂತಲೇ ತಿಳ್ಕೊಬೇಕು.

ಎರಡು, ನೀರು. ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ 2020ರ ಅಕ್ಟೋಬರ್ 2ರಂದು ಇಬ್ಬರಿದ್ದ ಪ್ಯಾರಾಮೋಟರ್ ಸಮುದ್ರಕ್ಕೆ ಬಿದ್ದು, ನೌಕಾಪಡೆಯ ಒಬ್ಬ ಅಧಿಕಾರಿ ತೀರಿಕೊಂಡ್ರು. ನೀರಿನ ಪಕ್ಕದಲ್ಲೇ ಕೆಲಸ ಮಾಡೋ ಪಡೆಯವರು ಅನ್ನೋದನ್ನ ಗಮನಿಸಿ. ಮೈಗೆ ಬಿಗಿದ ಬೆಲ್ಟು, ಬೆನ್ನ ಮೇಲೆ ಎಂಜಿನ್, ಸುತ್ತ ದಾರದ ಬಲೆ. ನೀರಲ್ಲಿ ಇಷ್ಟನ್ನ ಬಿಚ್ಚಿಕೊಳ್ಳೋಕೆ ಈಜು ಬಂದ್ರೆ ಸಾಕಾಗಲ್ಲ. ನಮ್ಮಲ್ಲಿ ಕಾವೇರಿ ಇದೆ, ಸುವರ್ಣಾವತಿ ಇದೆ, ಗುಂಡಾಲ್ ಜಲಾಶಯ ಇದೆ, ಊರಿಗೊಂದು ಕೆರೆ ಇದೆ. ಎಂಜಿನ್ ನಿಂತ್ರೆ ಒಣನೆಲ ಸಿಗುತ್ತೆ ಅನ್ನೋ ಕಡೆ ಮಾತ್ರ ಹಾರಬೇಕು. ಲೆಕ್ಕ ಸುಲಭ: 100 ಮೀಟರ್ ಎತ್ತರದಿಂದ ಗಾಳಿ ಇಲ್ಲದಾಗ ಸುಮಾರು 500 ಮೀಟರ್ ಜಾರಬಹುದು, ಎದುರು ಗಾಳಿ ಇದ್ರೆ ಅದಕ್ಕೂ ಕಮ್ಮಿ. ನೀರಿನ ಹತ್ತಿರ ಹಾರಲೇಬೇಕು ಅಂದ್ರೆ, ನೀರಿಗೆ ಬಿದ್ದ ಕೂಡಲೇ ತಾನೇ ಊದಿಕೊಳ್ಳೋ ತೇಲುಚೀಲ ಯಂತ್ರಕ್ಕೆ ಕಟ್ಟಿರಬೇಕು.

ಮೂರು, ಬೆಟ್ಟ ಮತ್ತು ಗಾಳಿ. ಬಿಳಿಗಿರಿರಂಗನ ಬೆಟ್ಟದ ಸಾಲು ಯಳಂದೂರಿಗೂ ಹನೂರಿಗೂ ಮಧ್ಯೆ ಗೋಡೆ ತರ ನಿಂತಿದೆ. ಮುಂಗಾರಲ್ಲಿ ಪಡುವಲ ಗಾಳಿ ಬಂದಾಗ ಅದು ಬೆಟ್ಟ ದಾಟಿ ಹನೂರು ಕಡೆ ಸುಳಿ ಸುಳಿಯಾಗಿ ಇಳಿಯುತ್ತೆ. ಹಿಂಗಾರಲ್ಲಿ ಮೂಡಲ ಗಾಳಿ ಬಂದ್ರೆ ಅದೇ ಕಥೆ ಯಳಂದೂರು ಕಡೆ. ಬೆಟ್ಟದ ಮರೆಯಲ್ಲಿ ಗಾಳಿ ಇಲ್ಲ ಅನ್ಸುತ್ತೆ, ಆದ್ರೆ ರೆಕ್ಕೆ ಮಡಚೋ ಗಾಳಿ ಅಲ್ಲೇ ಇರುತ್ತೆ. ಆಷಾಢದ ಗಾಳಿ ಮಕ್ಕಳ ಗಾಳಿಪಟಕ್ಕೆ ಒಳ್ಳೇದು, ನಮಗಲ್ಲ. ರೆಕ್ಕೆ ವೇಗ 38, ಮೇಲೆ ಎದುರು ಗಾಳಿ 40 ಇದ್ರೆ ನೀವು ಹಿಂದಕ್ಕೆ ಹೋಗ್ತೀರಿ. ಹೊಸಬರಿಗೆ ಸೂರ್ಯ ಹುಟ್ಟಿದ ಮೇಲಿನ ಒಂದೆರಡು ಗಂಟೆ, ಮುಳುಗೋ ಮುಂಚಿನ ಒಂದು ಗಂಟೆ. ಮಧ್ಯಾಹ್ನ ನೆಲ ಕಾದು ಬಿಸಿಗಾಳಿ ಮೇಲೇಳುವಾಗ ಬೇಡ.

ನಾಲ್ಕು, ಕಾಡು ಮತ್ತು ಕಾನೂನು. ಒಂದು ಕಡೆ ಬಿಆರ್‌ಟಿ ಹುಲಿ ಸಂರಕ್ಷಿತ ಪ್ರದೇಶ, ಇನ್ನೊಂದು ಕಡೆ ಮಲೆ ಮಹದೇಶ್ವರ ವನ್ಯಧಾಮ, ಕಾವೇರಿ ವನ್ಯಧಾಮ. ಅರಣ್ಯ ಇಲಾಖೆ ಅನುಮತಿ ಇಲ್ಲದೆ ಅದರೊಳಗೆ ಕಾಲಿಡೋ ಹಾಗಿಲ್ಲ, ಅಂದ್ಮೇಲೆ ಎಂಜಿನ್ ಕೆಟ್ಟು ಇಳಿಯೋದು ಎಲ್ಲಿಗೆ? ಆನೆ ಇರೋ ಕಾಡಿನ ಮೇಲೆ ತಗ್ಗಲ್ಲಿ ಎಂಜಿನ್ ಸದ್ದು ಮಾಡ್ಕೊಂಡು ಹೋದ್ರೆ, ಬೆದರಿದ ಆನೆ ಬರೋದು ಕಾಡಂಚಿನ ಯಾರದೋ ಜೋಳದ ಹೊಲಕ್ಕೆ. ಇನ್ನು ಕಾನೂನು: 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ವಾಯು ಕ್ರೀಡಾ ನೀತಿ ತಂತು, ಅದರ ಪಟ್ಟಿಯಲ್ಲಿ ಪ್ಯಾರಾಮೋಟರಿಂಗ್ ಇದೆ. ಅಂದ್ರೆ ಇದು ನಿಯಮ ಇರೋ ಕ್ರೀಡೆ. ಹೊಲ ನಿಮ್ಮದಾದ ಮಾತ್ರಕ್ಕೆ ಅದರ ಮೇಲಿನ ಆಕಾಶ ನಿಮ್ಮದಾಗಲ್ಲ. ಜಿಲ್ಲಾಡಳಿತ, ಪೊಲೀಸರನ್ನ ಮೊದಲೇ ಕೇಳಿ, ಲಿಖಿತವಾಗಿ.

ಹಾಗಾದ್ರೆ ಆ 3 ಲಕ್ಷ?

ಹನೂರಿನ ಗೆಳೆಯರೇ, ನನ್ನ ಉತ್ತರ: ಈಗ ತಗೋಬೇಡಿ. ಕೊಳ್ಳಲೇಬೇಡಿ ಅಂತಲ್ಲ, ಈಗ ಬೇಡ. 2 ಲಕ್ಷದ 80 ಸಾವಿರ ಯಂತ್ರಕ್ಕೆ ಕೊಟ್ರೆ ಉಳಿಯೋದು 20 ಸಾವಿರ. ಕಲಿಕೆ, ಹೆಲ್ಮೆಟ್, ತುರ್ತು ಪ್ಯಾರಾಚೂಟ್, ರಿಪೇರಿ ಎಲ್ಲಾ ಅದರಲ್ಲೇ ಆಗಬೇಕು. ಆಗಲ್ಲ. ಆಗ ಮೊದಲು ಬಿಟ್ಟುಹೋಗೋದು ಕಲಿಕೆ.

ಮೊದಲು ಕಲಿಕೆಗೆ ಹಾಕಿ. ಕಲಿತಾದ ಮೇಲೆ ಇದು ನನಗಲ್ಲ ಅನ್ಸಿದ್ರೆ, ಹೋಗೋದು ಆ ಫೀಸು ಮಾತ್ರ, ಉಳಿದ ದುಡ್ಡು ಅಕೌಂಟಲ್ಲೇ ಇರುತ್ತೆ. ಬೇಕು ಅನ್ಸಿದ್ರೆ ಕಲಿಸಿದ ಗುರುಗಳನ್ನೇ ಕರ್ಕೊಂಡು ಹೋಗಿ ಯಂತ್ರ ತೋರಿಸಿ. ಮಾರೋರು "ಇವತ್ತೇ ಹೇಳ್ಬುಡಿ, ಬೇರೆಯವ್ರು ಕೇಳ್ತಾವ್ರೆ" ಅಂದ್ರೆ, ಕೊಟ್ಟುಬಿಡಲಿ ಬಿಡಿ. ಇನ್ನೊಂದು ಬರುತ್ತೆ.

ಅಷ್ಟರಲ್ಲಿ ದುಡ್ಡಿಲ್ಲದೆ ಮಾಡೋ ಒಂದು ಕೆಲಸ ಇದೆ. ನೀವು ಹಾರಬೇಕು ಅಂದ್ಕೊಂಡಿರೋ ಹೊಲಕ್ಕೆ ಒಂದು ತಿಂಗಳು ದಿನಾ ಬೆಳಿಗ್ಗೆ 6 ಗಂಟೆಗೆ ಹೋಗಿ. ಒಂದು ಕಡ್ಡಿಗೆ ರಿಬ್ಬನ್ ಕಟ್ಟಿ ನೆಡಿ. ಗಾಳಿ ಯಾವ ಕಡೆಯಿಂದ, ಎಷ್ಟು ಜೋರು, ಎಷ್ಟೊತ್ತಿಗೆ ಬದಲಾಗುತ್ತೆ ಅಂತ ಬರ್ಕೊಳ್ಳಿ. ಸುತ್ತ ಎಷ್ಟು ಕಂಬ ಇದೆ ಎಣಿಸಿ. ತಿಂಗಳು ಪೂರ್ತಿ ಮಾಡಿದ್ರೆ ಆ ನೋಟ್‌ಬುಕ್ ಫೋಟೋ ನನಗೆ ಕಳಿಸಿ, ಇನ್ನೊಂದು ಸಂಚಿಕೆ ಮಾಡೋಣ. ಹತ್ತೇ ದಿನಕ್ಕೆ ಬೇಜಾರಾದ್ರೆ ಅದೂ ಒಂದು ಉತ್ತರವೇ, ಮತ್ತೆ ಅದು ಪುಕ್ಕಟೆ ಸಿಕ್ಕಿದ ಉತ್ತರ.

ನಿಮ್ಮ ಫ್ರೆಂಡ್ಸ್ ಗ್ರೂಪಲ್ಲಿ ಯಾರಿಗಾದ್ರೂ ಈ ಹುಚ್ಚು ಹಿಡಿದಿದ್ರೆ, ಅವರು ಅಡ್ವಾನ್ಸ್ ಕೊಡೋ ಮುಂಚೆ ಈ ಸಂಚಿಕೆ ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.