ಸೋಲಿನ ಹೊರೆ ಹೊರುವವನೇ ನಾಯಕ

ಕಚೇರಿಯಾಗಲಿ, ಕಾರ್ಖಾನೆಯಾಗಲಿ, ನಾಲ್ಕು ಮಂದಿ ಕೂಡಿ ದುಡಿಯುವಲ್ಲಿ ಒಬ್ಬ ಮುಖ್ಯಸ್ಥನಿರುವುದು ಅನಿವಾರ್ಯ. ಆದರೆ ಕುರ್ಚಿಯಿಂದ ಅಧಿಕಾರ ದೊರೆಯುತ್ತದೆಯೇ ಹೊರತು ನಾಯಕತ್ವವಲ್ಲ. ಅಧಿಕಾರಿಗೆ ಜನ ಅಂಜಿ ದುಡಿಯುತ್ತಾರೆ. ನಾಯಕನನ್ನು ನಂಬಿ ದುಡಿಯುತ್ತಾರೆ. ಈ ಅಂತರವು ಗೆಲುವಿನ ದಿನ ಕಾಣದು, ಸೋಲಿನ ದಿನ ಎದ್ದು ಕಾಣುತ್ತದೆ.

ಇದಕ್ಕೊಂದು ಉಜ್ವಲ ನಿದರ್ಶನ ನಮ್ಮ ದೇಶದ ಬಾಹ್ಯಾಕಾಶ ಇತಿಹಾಸದಲ್ಲಿಯೇ ಇದೆ. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಎಸ್‌ಎಲ್‌ವಿ-3 ಎಂಬ ಉಡಾವಣಾ ವಾಹನವು ಮೇಲೇರಿತು. ನಾಲ್ಕು ಹಂತಗಳ, ಸುಮಾರು 17 ಟನ್ ತೂಕದ ಆ ವಾಹನ ನೂರಾರು ತಂತ್ರಜ್ಞರ ವರ್ಷಾನುಗಟ್ಟಲೆಯ ಶ್ರಮದ ಫಲ. ಮೊದಲ ಹಂತ ಸರಿಯಾಗಿ ನಡೆಯಿತು. ಎರಡನೆಯ ಹಂತದಲ್ಲಿ ನಿಯಂತ್ರಣ ವ್ಯವಸ್ಥೆ ಕೈಕೊಟ್ಟು, ವಾಹನವು ಬಂಗಾಳಕೊಲ್ಲಿಯ ಪಾಲಾಯಿತು.

ಯೋಜನೆಯ ನಿರ್ದೇಶಕರಾಗಿದ್ದವರು ಎ.ಪಿ.ಜೆ. ಅಬ್ದುಲ್ ಕಲಾಂ. ಗಣಕಯಂತ್ರ ಮುನ್ಸೂಚನೆ ನೀಡಿದ್ದರೂ ಮುಂದುವರಿಯುವ ನಿರ್ಧಾರ ತಮ್ಮದೇ ಆಗಿತ್ತೆಂದು ಅವರು ಮುಂದೆ ಅನೇಕ ಸಭೆಗಳಲ್ಲಿ ಒಪ್ಪಿಕೊಂಡರು. ಅಂದು ಪತ್ರಕರ್ತರು ಕಾದು ಕುಳಿತಿದ್ದರು. ಬಳಲಿದ್ದ ಕಲಾಂ ಅವರನ್ನು ಅವರ ಮುಂದೆ ನಿಲ್ಲಿಸದೆ, ಸಂಸ್ಥೆಯ ಅಧ್ಯಕ್ಷ ಸತೀಶ್ ಧವನ್ ತಾವೇ ಉತ್ತರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗಿದ್ದ ಆ ಹಿರಿಯರು ಸೋಲಿನ ಹೊಣೆಯನ್ನು ತಮ್ಮ ಮೇಲೆ ಹೊತ್ತು, ತಂಡದ ಸಾಮರ್ಥ್ಯದಲ್ಲಿ ಪೂರ್ಣ ವಿಶ್ವಾಸ ವ್ಯಕ್ತಪಡಿಸಿದರು.

ಮರುವರ್ಷ, 1980ರ ಜುಲೈ 18ರಂದು ಅದೇ ತಂಡ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆಗ ಧವನ್ ಹಿಂದೆ ಸರಿದು, ಪತ್ರಿಕಾಗೋಷ್ಠಿಯನ್ನು ನಡೆಸುವಂತೆ ಕಲಾಂ ಅವರಿಗೇ ಹೇಳಿದರು. ಸೋಲು ತನ್ನದು, ಗೆಲುವು ತಂಡದ್ದು! ಆಡಲು ಸುಲಭ, ಆಚರಿಸಲು ಕಠಿಣ.

ಇದು ಕೇವಲ ಹೃದಯವಂತಿಕೆಯ ಮಾತಲ್ಲ, ಕಾರ್ಯಸಾಧನೆಯ ಗುಟ್ಟೂ ಹೌದು. ತಪ್ಪಾದೊಡನೆ ಶಿಕ್ಷೆ ಕಾದಿರುವಲ್ಲಿ ಕೈಕೆಳಗಿನವರು ತಪ್ಪನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟ ತಪ್ಪು ಮರುಕಳಿಸುತ್ತದೆ. ಅಭಯವಿರುವಲ್ಲಿ ಅದು ಬೆಳಕಿಗೆ ಬರುತ್ತದೆ, ತಿದ್ದುಪಡಿಗೆ ದಾರಿಯಾಗುತ್ತದೆ. ಹಾಗೆಂದು ಕ್ಷಮೆ ಬೇರೆ, ಅಲಕ್ಷ್ಯ ಬೇರೆ. ಎಸ್‌ಎಲ್‌ವಿ-3ರ ವೈಫಲ್ಯದ ಕಾರಣವನ್ನು ಕೂಲಂಕಷವಾಗಿ ಶೋಧಿಸಿ ದೋಷವನ್ನು ಕಂಡುಹಿಡಿಯಲಾಯಿತು. ಅಲ್ಲಿ ವಿಚಾರಣೆಗೆ ಒಳಗಾದುದು ತಪ್ಪು, ವ್ಯಕ್ತಿಯ ಮಾನವಲ್ಲ.

ಹತ್ತು ಜನರ ಮೇಲ್ವಿಚಾರಣೆ ವಹಿಸಿದ ನಮ್ಮ ತರುಣ ತರುಣಿಯರು ಈ ಕೆಲವು ಅಂಶಗಳನ್ನು ಮನನ ಮಾಡಬೇಕು. ಕೆಲಸ ಒಪ್ಪಿಸುವಾಗ ಏನು, ಏಕೆ, ಯಾವಾಗ ಎಂಬುದನ್ನು ಸ್ಪಷ್ಟಪಡಿಸಿ. ಮೆಚ್ಚುಗೆಯನ್ನು ಹತ್ತು ಜನರೆದುರು ಹೇಳಿ, ತಪ್ಪನ್ನು ಏಕಾಂತದಲ್ಲಿ ತಿದ್ದಿ. ತೀರ್ಮಾನಕ್ಕೆ ಮೊದಲು ಆ ಕೆಲಸ ಮಾಡುವವನ ಮಾತನ್ನು ಕೇಳಿ. ಯಂತ್ರದ ನೋವು ಅದನ್ನು ನಡೆಸುವವನಿಗೆ ಗೊತ್ತು. ಮೇಲಿನವರಿಂದ ಬಂದ ಕೋಪವನ್ನು ಕೆಳಗಿನವರ ಮೇಲೆ ಸುರಿಯದಿರಿ.

ಈ ಪಾಠದ ಮೊದಲ ಶಾಲೆ ಮನೆಯೇ. ಪರೀಕ್ಷೆಯಲ್ಲಿ ಅಂಕ ಕಡಿಮೆಯಾಯಿತೆಂದು ಮಗು ತಲೆತಗ್ಗಿಸಿ ಬಂದಾಗ ನಾವು ಏನು ಹೇಳುತ್ತೇವೆ? ನೆಂಟರೆದುರು ಹೀಯಾಳಿಸಿದರೆ ಆ ಮಗು ಮುಂದಿನ ಬಾರಿ ಅಂಕಪಟ್ಟಿಯನ್ನೇ ಬಚ್ಚಿಡುತ್ತದೆ. ಪಕ್ಕದಲ್ಲಿ ಕುಳಿತು ಎಡವಿದ್ದೆಲ್ಲಿ ಎಂದು ಕೇಳಿದರೆ, ನಾಳೆ ಅದೇ ಮಗು ತನ್ನ ಕೈಕೆಳಗಿನವರ ಪಕ್ಕದಲ್ಲಿ ಕುಳಿತು ಹಾಗೆಯೇ ಕೇಳೀತು.